ಎಲ್ಲಿ ನೋಯುತ್ತದೆ

ಅಲ್ಲಿ ಬೆಳಗಿನ ಹತ್ತು, ಇಲ್ಲಿ ಸಂಜೆಯ ಆರು.
ಇಲೊಯ್ಲೊ ಮೀನುಪೇಟೆಯ ಹಿಂದೆ, ಎರಡನೇ ಮಹಡಿ;
ಮಂಚವನ್ನು ಗೋಡೆಗೊರಗಿಸಿ ನಿಲ್ಲಿಸಿದ್ದೇನೆ.
ತೆರೆಯಲ್ಲಿ ಕಾಣುವಷ್ಟು ಜಾಗ ಮಾತ್ರ ಶುಚಿ.
ಮೇಲೆ ಇಸ್ತ್ರಿಯ ಬಿಳಿ ಅಂಗಿ,
ಕೆಳಗೆ ತಮ್ಮನ ಬಾಸ್ಕೆಟ್‌ಬಾಲ್ ಚಡ್ಡಿ.

ಇಷ್ಟಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು.
ಓದಿದ ಕಾಲೇಜು ಮುಚ್ಚಿ, ಅಲ್ಲೀಗ ಟೈಲ್ಸ್ ಅಂಗಡಿ.
ಯಾವ ಸ್ನಾಯುವನ್ನು ಎಷ್ಟು ಗಂಟೆ ಓದಿದೆನೆಂದು
ಬರೆಸಿ ಮೊಹರು ಹಾಕಿಸಬೇಕಿತ್ತು.
ಮೊಹರು ಇದ್ದದ್ದು ಹಳೆಯ ರಿಜಿಸ್ಟ್ರಾರಳ ಮನೆಯಲ್ಲಿ,
ಹೊಲಿಗೆಯಂತ್ರದ ಖಾನೆಯಲ್ಲಿ, ಗುಂಡಿಗಳ ನಡುವೆ.
ಒತ್ತಿದಳು. ಆಮೇಲೆ ಸೆರಗಿಲ್ಲದ ಆ ಮುದುಕಿ
ಗೌನು ಮೇಲೆತ್ತಿ ಮೊಣಕಾಲು ಚಾಚಿದಳು:
'ಹಾಗೇ ಇದನ್ನೂ ಒಂದಿಷ್ಟು ನೋಡಿಬಿಡು.'
ನೋಡಿದೆ. ಅದೇ ಶುಲ್ಕ.

ಇಂಗ್ಲಿಷ್ ಪರೀಕ್ಷೆ: ಮಾತಿನಲ್ಲಿ ಗೆದ್ದೆ, ಬರಹದಲ್ಲಿ ಅರ್ಧ ಅಂಕ ಸೋತೆ.
ಆ ಅರ್ಧಕ್ಕೆ ಮತ್ತೊಂದು ತಿಂಗಳ ಸಂಬಳ.
ಇಪ್ಪತ್ತಾರು ಅರ್ಜಿ ಹಾಕಿದ್ದಕ್ಕೆ ಮೂರು ಉತ್ತರ;
ಒಂದರಲ್ಲಿ 'ಪ್ರಿಯ ರಾಡ್ನಿ' ಅಂತಿತ್ತು.
ನಾನು ರೋಡಾ ಮೇ. ರೋಡಾ ಮೇ ಸೊಲಿನಾಪ್.

ತೆರೆಯಲ್ಲಿ ಮೂವರು. ಊರು ಗ್ರಿಮ್ಸ್‌ಬಿ,
ಅದೂ ಮೀನಿನ ಬಂದರಂತೆ, ಹುಡುಕಿ ಓದಿದ್ದೆ.
ನಡುವೆ ಹೇಝೆಲ್, ಕನ್ನಡಕ ಕೊರಳಿಗೆ ತೂಗುಬಿಟ್ಟವಳು.
ಎಡಕ್ಕೊಬ್ಬ, ಬರೆಯುತ್ತಲೇ ಇರುವವನು.
ಮೂರನೆಯವರಿಗೆ ಮುಖವಿಲ್ಲ,
ಬೂದು ವೃತ್ತದೊಳಗೆ ಒಂಟಿ ಅಕ್ಷರ.

ನಿಮ್ಮ ದೌರ್ಬಲ್ಯವೇನು?
ಸಹೋದ್ಯೋಗಿ ತಪ್ಪಿದರೆ ಏನು ಮಾಡುತ್ತೀರಿ?
ಮಗ್ಗಿಯ ಹಾಗೆ ಒಪ್ಪಿಸಿದೆ.
'ಸರಿ, ಒಂದು ಭುಜ ಪರೀಕ್ಷಿಸಿ ತೋರಿಸಿ. ಯಾರಾದರೂ ಇದ್ದಾರಾ?'

ಬರುತ್ತೇನೆಂದ ಗೆಳತಿ ಬಂದಿರಲಿಲ್ಲ.
ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ನೊಂಗ್ ಪ್ರೂದೋ,
ಕೆಳಗಿನ ಮಳಿಗೆಗೆ ಮಂಜುಗಡ್ಡೆ ತಂದು
ಗೋಣಿ ಹೊದಿಸಿ ದಣಿವಾರಿಸಿಕೊಳ್ಳುತ್ತಿದ್ದ.
ಇಪ್ಪತ್ತೆಂಟು ವರ್ಷ, ಒಂದೇ ಭುಜ.
ಕೈಹಿಡಿದು ಎಳೆದು ತಂದು ಕೂರಿಸಿದೆ.

'ಮುಟ್ಟಬಹುದೇ?' ಎಂದೆ ಇಂಗ್ಲಿಷಿನಲ್ಲಿ. ಅಂಕ ಇರುವುದು ಅದಕ್ಕೆ.
ಅವನು ನನ್ನನ್ನು ಹೊಸಬಳನ್ನು ನೋಡಿದಂತೆ ನೋಡಿದ.
ನಮ್ಮಲ್ಲಿ ಕೈ ಮೊದಲು ಕೇಳುತ್ತದೆ, ಬಾಯಿ ಆಮೇಲೆ.

ಹೊರೆ ಇಳಿಸಿದರೂ ಇಳಿದಿರಲಿಲ್ಲ ಭುಜದ ತಣ್ಪು.
ತೋಳು ತೊಂಬತ್ತು ಡಿಗ್ರಿಗೆ ನಿಂತಿತು,
ತುಕ್ಕು ಹಿಡಿದ ಚಿಲಕ.
'ಎಲ್ಲಿ ನೋಯುತ್ತದೆ?'
'ಅಂಗಿ ಹಾಕುವಾಗ.'

ಅನುವಾದಿಸಿದೆ. ಬರೆಯುವವನ ಪೆನ್ನು ನಿಂತಿತು.
ಅವರು ಕೇಳಿದ್ದು ಜಾಗ, ಇವನು ಕೊಟ್ಟದ್ದು ಹೊತ್ತು.
ಆಗ ಬೂದು ವೃತ್ತ ಮೊದಲ ಸಲ ಮಾತಾಡಿತು,
ನೆಗಡಿಯ ಹೆಣ್ಣುದನಿ:
'ರಾತ್ರಿ ನಿದ್ದೆ ಬರುತ್ತದಾ, ಕೇಳಿ.'

'ಎಡ ಮಗ್ಗುಲಿಗೆ ಮಾತ್ರ,' ಅಂದ ನೊಂಗ್ ಪ್ರೂದೋ.
'ಹೆಂಡತಿ ಮಲಗುವುದು ಬಲಕ್ಕೆ.
ಆರು ತಿಂಗಳಿಂದ ಅವಳ ಪಾಲಿಗೆ ನನ್ನ ಬೆನ್ನು.'
ಇದನ್ನು ನಾನು ದಾಟಿಸಲಿಲ್ಲ.
'ಕಡಿಮೆ ಬರುತ್ತದೆ,' ಎಂದಷ್ಟೇ ಹೇಳಿದೆ.
ಅಂಕ ಹೋಗಿದ್ದರೆ ಹೋಗಲಿ.

'ನಮ್ಮನ್ನೇನಾದರೂ ಕೇಳುವುದಿದೆಯೇ?'
ಮೂರು ಪ್ರಶ್ನೆ ಬಾಯಿಪಾಠ ಮಾಡಿಟ್ಟಿದ್ದೆ:
ತರಬೇತಿ, ಮೇಲ್ವಿಚಾರಣೆ, ಬಡ್ತಿ.
ಬಾಯಿಗೆ ಬಂದದ್ದು ಬೇರೆ:
'ನಿಮ್ಮಲ್ಲಿ ಮಂಜುಗಡ್ಡೆ ಹೊರುವವರು ಯಾರು?'
'ಯಂತ್ರ,' ಎಂದ ಬರೆಯುವವನು, ತಲೆಯೆತ್ತಿ. 'ಈಗ.'

ಎರಡು ವಾರದಲ್ಲಿ ತಿಳಿಸುತ್ತಾರಂತೆ.
ತೆರೆ ಕಪ್ಪಾಯಿತು, ಅದರಲ್ಲಿ ನನ್ನದೇ ಮುಖ,
ಅಂಗೈ ಮೇಲೆ ಇನ್ನೂ ಅವನ ಮೊಣಕೈ.
'ಆಯ್ತಾ? ಸಿಕ್ಕಿತಾ ನನಗೆ ಕೆಲಸ?' ಎಂದು ನಕ್ಕ.

'ಅಲ್ಲಾಡಬೇಡ,' ಎಂದೆ. ಹಿನಾಯ್ ಹಿನಾಯ್,
ನಮ್ಮ ಮಾತಿನಲ್ಲಿ ಮೆಲ್ಲಗೆ, ಇನ್ನೂ ಮೆಲ್ಲಗೆ.
ತೊಂಬತ್ತೆರಡು. ಉಸಿರು ಬಿಡು. ತೊಂಬತ್ತೈದು.
ಹೊರಗೆ ಗೋಣಿಯಡಿ ಅವನ ಹೊರೆ
ಒಂದೊಂದೇ ಮೆಟ್ಟಿಲು ಇಳಿದು ಹೋಗುತ್ತಿತ್ತು.